ಲೇಟಣ್ಣನ ಸಹಿ

ನೌಕರರ ಸಂಘಕ್ಕೆ ಐವತ್ತು ತುಂಬಿದ ವರ್ಷ, ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಸಂಘದ ಕೋಣೆಯ ಗೋಡೆಗೆ ಒಂದು ಮರದ ಹಲಗೆ ತೂಗುತ್ತಿತ್ತು. ಮೂವತ್ತೆರಡು ವರ್ಷದ ಹಿಂದಿನ ದೊಡ್ಡ ಮುಷ್ಕರದಲ್ಲಿ ಪೊಲೀಸರ ಏಟಿಗೆ ಸತ್ತ ನಾಲ್ವರ ಹೆಸರು ಅದರ ಮೇಲೆ ಬಿಳಿ ಬಣ್ಣದಲ್ಲಿದ್ದವು. ಬಣ್ಣ ಉದುರಿದಾಗ ಯಾರಾದರೂ ತಿದ್ದುತ್ತಿದ್ದರು. ಹಲಗೆಯ ಮೇಲಾದರೆ ಇಂದಲ್ಲ ನಾಳೆ ಇನ್ನೊಂದು ಹೆಸರು ಬರೆಸಬಹುದು. ಕಲ್ಲಿಗೆ ಏರದ ಹೆಸರು ಇನ್ನು ಏರಿದ ಹಾಗೇ. ರಿಜಿಸ್ಟರಪ್ಪನ ನಿದ್ದೆ ಕೆಟ್ಟದ್ದು ಇದರಿಂದ.

ರಿಜಿಸ್ಟರಪ್ಪ ಎಂದರೆ ನೀರು ಸರಬರಾಜು ಕಚೇರಿಯ ನಿವೃತ್ತ ಗುಮಾಸ್ತ, ಸಂಘದ ಮಾಜಿ ಅಧ್ಯಕ್ಷ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಜರಿ ಪುಸ್ತಕ ಅವನ ಸುಪರ್ದಿಯಲ್ಲಿತ್ತು, ಹೆಸರು ಹಾಗೇ ಅಂಟಿಕೊಂಡಿತು. ಮುಷ್ಕರದಲ್ಲಿ ಅವನ ಎಡಗೈ ಮುರಿದಿತ್ತು, ಹನ್ನೊಂದು ದಿನ ಜೈಲು ಕಂಡಿದ್ದ. ಆ ಮುರಿದ ಕೈ ತೋರಿಸಿಯೇ ಮೂರು ಚುನಾವಣೆ ಗೆದ್ದ ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಕಲ್ಲಿನ ಮುಸುಕು ತೆಗೆಯಲು, ಬದುಕಿರುವವರಲ್ಲಿ ಅವನಷ್ಟು ಯೋಗ್ಯ ಇನ್ನೊಬ್ಬನಿಲ್ಲ ಎಂದು ಸಂಘ ಒಕ್ಕೊರಲಿನಿಂದ ಒಪ್ಪಿತು. ಅವನ ಯೋಗ್ಯತೆ ಸಂಘಕ್ಕೆ ಗೊತ್ತಿದ್ದದ್ದು ಅಷ್ಟೇ.

ಬಿಟ್ಟುಹೋದ ಐದನೆಯ ಹೆಸರು ಲೇಟಣ್ಣನದು. ಅವನು ಅದೇ ಕಚೇರಿಯ ನಕ್ಷೆಗಾರ. ಊರಿನ ನೆಲದಡಿ ಯಾವ ಕೊಳವೆ ಎಲ್ಲಿ ತಿರುಗುತ್ತದೆ ಎಂದು ಕಣ್ಣುಮುಚ್ಚಿ ಬರೆಯಬಲ್ಲವನಿಗೆ ಹತ್ತು ಗಂಟೆಗೆ ಕಚೇರಿ ಮುಟ್ಟುವ ದಾರಿ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ಆಯಾ, ರಾತ್ರಿ ಪಾಳಿ. ಅವಳು ಮನೆಗೆ ಬರುವ ತನಕ ಒಂದೂವರೆ ವರ್ಷದ ಮಗಳನ್ನು ಬಿಟ್ಟು ಹೊರಡುವಂತಿರಲಿಲ್ಲ. ಹಾಜರಿ ಪುಸ್ತಕವೋ ಹತ್ತೂಕಾಲಿಗೆ ಸಾಹೇಬರ ಮೇಜು ಸೇರುತ್ತಿತ್ತು. ಸಹಿಯಿಲ್ಲದ ಕಡೆಯೆಲ್ಲ ಕೆಂಪು ಶಾಯಿ. ಮೂರು ಕೆಂಪು ಬಿದ್ದರೆ ಒಂದು ರಜೆ ಖೋತಾ.

ಗೆಳೆಯನಿಗಾಗಿ ರಿಜಿಸ್ಟರಪ್ಪ ಒಂದು ಉಪಾಯ ಹೂಡಿದ್ದ. ನಕ್ಷೆ ವಿಭಾಗಕ್ಕೆ ಪುಸ್ತಕದಲ್ಲಿ ಬೇರೆಯೇ ಪುಟ, ಆ ಪುಟದಲ್ಲಿ ಲೇಟಣ್ಣ ಒಬ್ಬನೇ. ಸಂಜೆ ಎಲ್ಲರೂ ಹೋದ ಮೇಲೆ, ಪುಸ್ತಕವನ್ನು ಬೀರುವಿಗೆ ಸೇರಿಸುವ ಮುಂಚೆ, ಮಾರನೆಯ ದಿನಕ್ಕೆ ಲೇಟಣ್ಣನ ಚುಟುಕು ಸಹಿಯನ್ನು ತಾನೇ ಗೀಚಿಬಿಡುತ್ತಿದ್ದ. ಒಂದು ವರ್ಷಕ್ಕೂ ಮಿಕ್ಕಿ ಹೀಗೇ ನಡೆಯಿತು. ಇಬ್ಬರ ಹೊರತು ಮೂರನೆಯವರಿಗೆ ಗೊತ್ತಿರಲಿಲ್ಲ. ಆಮೇಲಾಮೇಲೆ ಫ್ಯಾನು ಆರಿಸುವುದು, ಬೀಗ ಹಾಕುವುದು, ಲೇಟಣ್ಣನ ಸಹಿ ಹಾಕುವುದು, ಎಲ್ಲ ಒಂದೇ ಓಟದಲ್ಲಿ ಮುಗಿಯುತ್ತಿತ್ತು. ಕೈಗೆ ಅಭ್ಯಾಸವಾದದ್ದನ್ನು ತಲೆ ವಿಚಾರಿಸುವುದಿಲ್ಲ.

ಮಾತುಕತೆ ಮುರಿದುಬಿದ್ದು ಆ ದೊಡ್ಡ ಮುಷ್ಕರ ತೀರ್ಮಾನವಾದದ್ದು ಒಂದು ರಾತ್ರಿ ಎಂಟಕ್ಕೆ. ರಿಜಿಸ್ಟರಪ್ಪ ಸಹಿ ಗೀಚಿದ್ದು ಅದೇ ಸಂಜೆ ಐದೂವರೆಗೆ. ಮರುದಿನ ಹನ್ನೊಂದಕ್ಕೆ ಗೇಟಿನ ಮುಂದೆ ಪೊಲೀಸರು ದೊಣ್ಣೆ ಬೀಸಿದರು. ಲೇಟಣ್ಣ ಎಂದಿನಂತೆ ತಡವಾಗಿ ಬಂದು ಮೆರವಣಿಗೆಯ ಬಾಲ ಸೇರಿಕೊಳ್ಳುತ್ತಿದ್ದನೋ ಏನೋ, ಕಂಡವರಿಲ್ಲ. ಕಚೇರಿಯ ಹಿಂದಿನ ಓಣಿಯಲ್ಲಿ ತಲೆಯೊಡೆದು ಬಿದ್ದಿದ್ದ.

ಸರ್ಕಾರ ಹಾಜರಿ ಪುಸ್ತಕ ತೆಗೆದು ತೋರಿಸಿತು: ಈತ ಸಹಿ ಹಾಕಿ ಒಳಗಿದ್ದವನು, ಹಿಂದಿನ ಮೆಟ್ಟಿಲಿನಿಂದ ಜಾರಿ ಬಿದ್ದು ಸತ್ತ. ಸಂಘವೂ ಅದೇ ಪುಸ್ತಕ ನೋಡಿತು: ಸಹಿ ಹಾಕಿ ಒಳಗೆ ಕೂತವನು, ದ್ರೋಹಿ. ಹಾವು ಮುಂಗುಸಿಯಂತಿದ್ದ ಸರ್ಕಾರ ಮತ್ತು ಸಂಘ ಅದೊಂದು ಮಾತಿನಲ್ಲಿ ಒಂದಾದವು. "ಲೇಟಣ್ಣ ಕೊನೆಗೂ ಒಂದು ದಿನ ಟೈಮಿಗೆ ಸರಿಯಾಗಿ ಬಂದ ನೋಡ್ರಪ್ಪ" ಎಂದು ಜೈಲಿನಲ್ಲಿ ಯಾರೋ ನಗೆಚಟಾಕಿ ಹಾರಿಸಿದರು. ರಿಜಿಸ್ಟರಪ್ಪನೂ ನಕ್ಕ.

ಸುಳ್ಳು ಸಹಿ ಎಂದರೆ ಕೆಲಸದಿಂದ ವಜಾ, ಮೇಲೆ ಮೊಕದ್ದಮೆ. ಮೊದಮೊದಲು ಅದಕ್ಕಂಜಿ ಬಾಯಿ ಮುಚ್ಚಿಕೊಂಡ. ಕೆಲಸ ಗಟ್ಟಿಯಾಗುವ ಹೊತ್ತಿಗೆ ಅಧ್ಯಕ್ಷಗಿರಿ ಬಂದಿತ್ತು, ಮರ್ಯಾದೆಯ ಪ್ರಶ್ನೆ. ನಿವೃತ್ತಿಯಾದ ಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಎಂಬ ಹೆದರಿಕೆ. ಹೇಡಿಗೆ ನೆಪಗಳ ಬರ ಯಾವತ್ತೂ ಬಂದದ್ದಿಲ್ಲ.

ಭಾನುವಾರದ ಸಮಾರಂಭಕ್ಕೆ ನಾಲ್ಕು ದಿನವಿದ್ದಾಗ ಲೇಟಣ್ಣನ ಮಗಳು ರಿಜಿಸ್ಟರಪ್ಪನ ಮನೆಗೆ ಬಂದಳು. ಅದೇ ಕಚೇರಿಯಲ್ಲಿ ಗುತ್ತಿಗೆ ಮೇಲೆ ಒಂಬತ್ತು ವರ್ಷದಿಂದ ದುಡಿಯುತ್ತಿದ್ದಳು. ಗುತ್ತಿಗೆಯವರಿಗೆ ಸಂಘದ ಸದಸ್ಯತ್ವವೂ ಇರಲಿಲ್ಲ.

"ದೊಡ್ಡಪ್ಪ, ಸೋಮವಾರದಿಂದ ನಾವು ಅರವತ್ತು ಜನ ಕೆಲಸ ನಿಲ್ಲಿಸ್ತಿದೀವಿ. ಖಾಯಂ ಮಾಡೋವರೆಗೂ ಒಳಗೆ ಕಾಲಿಡಲ್ಲ."

"ಒಳ್ಳೇದಮ್ಮ. ಮುಂದೆ ನಿಂತ್ಕೊಳ್ಳೋರು ಯಾರು?"

"ನಾನೇ ನಿಲ್ಬೇಕು ಅಂತ ಕೆಲವರು. ಇವಳಪ್ಪ ಸಹಿ ಹಾಕಿ ಒಳಗೆ ಹೋದವನು, ಇವಳೂ ನಡುನೀರಲ್ಲಿ ಕೈ ಬಿಡ್ತಾಳೆ ಅಂತ ಉಳಿದವರು." ಅವಳು ಅವನ ಮುಖವನ್ನೇ ನೋಡಿದಳು. "ಪುಸ್ತಕ ನಿಮ್ಮ ಹತ್ರ ಇತ್ತಲ್ಲ. ಅಪ್ಪ ನಿಜವಾಗ್ಲೂ ಸಹಿ ಹಾಕಿದ್ರಾ?"

"ಪುಸ್ತಕದಲ್ಲಿ ಇದೆಯಲ್ಲಮ್ಮ" ಎಂದ ರಿಜಿಸ್ಟರಪ್ಪ. ಜೀವಮಾನವೆಲ್ಲ ಕಡತ ಬರೆದವನಿಗೆ, ಸುಳ್ಳಾಡದೆಯೂ ಸುಳ್ಳು ಹೇಳುವುದು ನೀರು ಕುಡಿದಷ್ಟು ಸಲೀಸು.

"ಸರಿ ಬಿಡಿ. ಹಾಗಾದ್ರೆ ನಾನು ಹಿಂದೇನೇ ನಿಂತ್ಕೋತೀನಿ" ಎಂದು ಅವಳು ಎದ್ದು ಹೋದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನು ಇನ್ನೂ ಹತ್ತು ವರ್ಷ ತೆಪ್ಪಗಿರುತ್ತಿದ್ದನೋ ಏನೋ.

ಭಾನುವಾರ ಕಚೇರಿಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಗುತ್ತಿಗೆಯವರು ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ನಿಂತಿದ್ದರು. ಮಗಳ ಪಕ್ಕದಲ್ಲಿ ಲೇಟಣ್ಣನ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದಳು. ಕಾರ್ಯದರ್ಶಿ ಮುಸುಕಿನ ದಾರ ತಂದು ಕೈಗಿತ್ತ. ರಿಜಿಸ್ಟರಪ್ಪ ದಾರ ಬಿಟ್ಟು ಮೈಕು ಹಿಡಿದ.

"ಈ ಕಲ್ಲಿನಲ್ಲಿ ಒಂದು ಹೆಸರು ಕಮ್ಮಿ ಇದೆ" ಎಂದ. "ಲೇಟಣ್ಣ ಅವತ್ತು ಸಹಿ ಹಾಕಿಲ್ಲ. ಹಾಕಿದ್ದು ನಾನು. ಹಿಂದಿನ ದಿನ ಸಂಜೇನೇ ಹಾಕಿಟ್ಟಿದ್ದೆ, ದಿನಾ ಹಾಕೋ ಹಾಗೆ. ಮುಷ್ಕರ ಆಗುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅಳಿಸಬೇಕು ಅಂತ ನೆನಪೂ ಆಗಲಿಲ್ಲ. ಅವನು ಸತ್ತ ಮೇಲೆ ಹೇಳೋ ಧೈರ್ಯ ಬರಲಿಲ್ಲ."

ಕುರ್ಚಿಗಳು ಸರಿದಾಡಿದವು. "ಮೂರು ಸಲ ಓಟು ಹಾಕಿದ್ವಲ್ಲೋ ನಿನಗೆ!" ಎಂದು ಒಬ್ಬ ಮುದುಕ ಕೂಗಿದ. ಕಾರ್ಯದರ್ಶಿ ಓಡಿಬಂದು ಅಂಗೈಯಿಂದ ಮೈಕು ಮುಚ್ಚಿದ.

"ತಲೆ ನೆಟ್ಟಗಿದೆಯಾ ಸ್ವಾಮಿ? ಮುಂದಿನ ವಾರ ಮಂತ್ರಿಗಳ ಹತ್ರ ಹೋಗ್ಬೇಕು. ಇವತ್ತೇ ಬೇಕಿತ್ತಾ ಇದು? ಒಂದು ಅರ್ಜಿ ಕೊಡಿ, ಸಮಿತಿ ಮುಂದೆ ಇಡೋಣ."

ಕಚೇರಿಯ ವಿರುದ್ಧ ಹೋರಾಡಿ ಹೋರಾಡಿ ಸಂಘವೂ ಒಂದು ಕಚೇರಿಯೇ ಆಗಿಬಿಟ್ಟಿತ್ತು.

ಅಷ್ಟರಲ್ಲಿ ಮಗಳು ವೇದಿಕೆಯ ಕೆಳಗೆ ಬಂದು ನಿಂತಿದ್ದಳು. "ಅರ್ಜಿ ಅಲ್ಲ. ಹೇಳಿದ್ದನ್ನೇ ಈಗ್ಲೇ ಬರೆದುಕೊಡಿ, ಎಲ್ಲರ ಮುಂದೆ. ಕೆಳಗೆ ನಿಮ್ಮ ಸಹಿ ಹಾಕಿ" ಎಂದಳು. ದೊಡ್ಡಪ್ಪ ಎನ್ನಲಿಲ್ಲ. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ರಿಜಿಸ್ಟರಪ್ಪ ಬರೆದ. ಅವಳು ಅದನ್ನು ಎರಡು ಸಲ ಓದಿ, ಸೈಕಲ್ ಸ್ಟ್ಯಾಂಡಿನ ಕಡೆ ಕಳಿಸಿದಳು. ಅಲ್ಲಿ ಅದು ಕೈಯಿಂದ ಕೈಗೆ ಹೋಯಿತು.

ಲೇಟಣ್ಣನ ಹೆಂಡತಿ ನಿಧಾನವಾಗಿ ಎದ್ದು ಬಂದಳು. ಕೆನ್ನೆಗೆ ಹೊಡೆಯಲಿ, ಮುಖಕ್ಕೆ ಉಗಿಯಲಿ ಎಂದು ರಿಜಿಸ್ಟರಪ್ಪ ವೇದಿಕೆ ಇಳಿದು ನಿಂತ. ಎರಡಕ್ಕೂ ಸಿದ್ಧನಾಗಿಯೇ ಬಂದಿದ್ದ.

"ಅವತ್ತು ಅವರು ಪುಸ್ತಕ ಮುಟ್ಟಲೇ ಇಲ್ವಾ?" ಎಂದು ಕೇಳಿದಳು.

"ಇಲ್ಲ ಅತ್ತಿಗೆ. ಬೆಳಗ್ಗೆಯಿಂದ ನಾನು ಗೇಟಲ್ಲೇ ನಿಂತಿದ್ದೆ, ಅವನು ಒಳಗೇ ಬಂದಿಲ್ಲ."

"ಪಾಳಿ ಮುಗಿಸಿ ಬಂದವಳು ಬಾಗಿಲಲ್ಲೇ ಜಗಳ ತೆಗೆದಿದ್ದೆ. ಮುಷ್ಕರ ಗಿಷ್ಕರ ಬೇಡ, ಮಗು ಮುಖ ನೋಡಿ, ಹೋಗಿ ಸಹಿ ಹಾಕಿ ಒಳಗೆ ಕೂತ್ಕೊಳ್ಳಿ ಅಂದೆ. ಇಲ್ದಿದ್ರೆ ಮನೆಗೆ ಬರಬೇಡಿ ಅಂದೆ. ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಹೋದ್ರು." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನ್ನ ಮಾತು ಕೇಳಿ ಸಹಿ ಹಾಕಿದ್ರು ಅಂತ್ಲೇ ನಂಬಿದ್ದೆ. ಜನ ದ್ರೋಹಿ ಅಂದಾಗೆಲ್ಲ, ದ್ರೋಹಿ ಅವರಲ್ಲ, ನಾನು ಅಂದ್ಕೋತಿದ್ದೆ. ಹೆಣದ ಮುಂದೆ ಅಳೋಕ್ಕೂ ಮುಖ ಇರಲಿಲ್ಲ ನನಗೆ. ಇವಳಿಗೂ ಹೇಳಿಲ್ಲ."

ಸತ್ತವನಿಗೆ ಮಾಡಿದ ಅನ್ಯಾಯವೊಂದನ್ನೇ ರಿಜಿಸ್ಟರಪ್ಪ ಇಷ್ಟು ವರ್ಷ ಹೊತ್ತಿದ್ದ. ಇದು ಅವನ ಕನಸಿನಲ್ಲೂ ಇರಲಿಲ್ಲ. "ಅತ್ತಿಗೆ..." ಎಂದ.

"ನನ್ನ ಮಾತು ಕೇಳ್ಲಿಲ್ಲ ಅವರು" ಎಂದಳು ಅವಳು, ಮಗಳ ಕಡೆ ತಿರುಗಿ. "ಕೇಳ್ಲಿಲ್ಲ ಕಣೇ ನಿಮ್ಮಪ್ಪ." ಹಾಗೆಂದವಳೇ ನೆಲಕ್ಕೆ ಕುಸಿದು, ಗಂಡ ಸತ್ತ ಸುದ್ದಿ ಈಗಷ್ಟೇ ಬಂದವಳಂತೆ ಎದೆ ಬಡಿದುಕೊಂಡು ಅಳತೊಡಗಿದಳು. ಸೈಕಲ್ ಸ್ಟ್ಯಾಂಡಿನಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ತಾಯಿ ಮಗಳ ಸುತ್ತ ನಿಂತರು. ರಿಜಿಸ್ಟರಪ್ಪನ ಕಡೆ ಯಾರೂ ನೋಡಲಿಲ್ಲ.