ಮೂಗಿನ ಮೇಲಿನ ಮಸಿ

ನಾಣ್ಯಗಳ ವಿಷಯ ಚೆನ್ನಾಗಿ ಬಲ್ಲವರು ಸೆರ್ಬಿಯಾದ ನಮ್ಮ ನಿಶ್ ಪಟ್ಟಣದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ಅವರಿರುವಾಗ ನಾನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಬೆಳ್ಳಿ ನಾಣ್ಯ ಕೊಂಡು ಮೋಸಹೋದವರನ್ನು ನೋಡಿ ಸುಮ್ಮನಿರಲು ಮನಸ್ಸಾಗಲಿಲ್ಲ.

ದೇಸಿಮಿರ್ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಮನೆಯಲ್ಲಿ ಮಖಮಲ್ಲು ಹೊದಿಸಿದ ಒಂದು ಹಲಗೆ ಇತ್ತು. ಅದರಲ್ಲಿ ನಮ್ಮ ಹಳೇ ದೊರೆ ಮಿಲಾನನ ಕಾಲದ ಬೆಳ್ಳಿ ನಾಣ್ಯಗಳಿಗೆಂದು ನಾಲ್ಕು ಗುಳಿ. ಮೂರು ತುಂಬಿದ್ದವು. ಐದು ದಿನಾರಿನ ದೊಡ್ಡ ಗುಳಿ ಮಾತ್ರ ಖಾಲಿ. ಬಿದ್ದ ಹಲ್ಲಿನ ಜಾಗಕ್ಕೇ ನಾಲಿಗೆ ಹೋಗುವ ಹಾಗೆ ಅವನ ಕಣ್ಣು ದಿನವೂ ಅಲ್ಲಿಗೇ ಹೋಗುತ್ತಿತ್ತು.

ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಒಂದು ಭಾನುವಾರ ಅವನು ಸಂತೆಯಿಂದ ಬಂದು ಕರವಸ್ತ್ರದ ಗಂಟು ಬಿಚ್ಚಿ ಹೆಂಡತಿ ಸ್ತಾಮೆಂಕಾಳ ಮುಂದೆ ಇಟ್ಟ. ಕಪ್ಪಿಟ್ಟ ದೊಡ್ಡ ನಾಣ್ಯ.

"ಸಿಕ್ಕಿತು ನೋಡು. ನೂರು ವರ್ಷ ಮಾರುವವನ ಮನೆ ಚೆಸ್ನಿತ್ಸಾದಲ್ಲಿ ಬೆಂದಿದೆಯಂತೆ."

ಕ್ರಿಸ್‌ಮಸ್ ದಿನ ಬೆಳ್ಳಿ ನಾಣ್ಯ ಹುದುಗಿಸಿ ಬೇಯಿಸುವ ರೊಟ್ಟಿಯೇ ಚೆಸ್ನಿತ್ಸಾ. ಎಲ್ಲರೂ ಕೈ ಹಾಕಿ ಮುರಿಯುತ್ತಾರೆ, ನಾಣ್ಯ ಸಿಕ್ಕವರಿಗೆ ಆ ವರ್ಷದ ಭಾಗ್ಯ. ಅದರ ಹೆಸರಿನಲ್ಲಿ ಯಾರಾದರೂ ಸುಳ್ಳು ಹೇಳಿಯಾರು ಎಂದು ದೇಸಿಮಿರನಿಗೆ ಕನಸಿನಲ್ಲೂ ಹೊಳೆಯಲಿಲ್ಲ.

"ಇದಕ್ಕೆ ಏನು ಕೊಟ್ಟೆ?" ಎಂದಳು ಸ್ತಾಮೆಂಕಾ.

"ಇನ್ನೂ ಕೊಟ್ಟಿಲ್ಲ. ನಂಬಿಕೆ ಮೇಲೆ ಕೊಟ್ಟು ಕಳಿಸಿದಾನೆ. ಮುಂದಿನ ಭಾನುವಾರ ಅಪ್ಪನ ಅಕಾರ್ಡಿಯನ್ ಕೊಟ್ಟರೆ ಆಯ್ತು."

ಕಪಾಟಿನ ಮೇಲಿದ್ದ ಅಕಾರ್ಡಿಯನ್ ಕಡೆ ಅವಳು ನೋಡಿದಳು. ಅವರ ಮದುವೆಯಲ್ಲಿ ಮಾವ ರಾತ್ರಿಯಿಡೀ ಅದನ್ನು ನುಡಿಸಿದ್ದರು. "ನಂಬಿಕೆ ಮೇಲೆ ಕೊಟ್ಟ ಅಂದರೆ, ನೀನು ಕಳೆದುಹಾಕಿದರೂ ಅವನಿಗೆ ನಷ್ಟವಿಲ್ಲ ಅಂತ ತಾನೆ?"

"ನಿನಗೆ ಎಲ್ಲರ ಮೇಲೂ ಅನುಮಾನ. ಅದು ಮೂಲೇಲಿ ಧೂಳು ತಿಂತಾ ಇದೆ. ನನ್ನ ಬೆರಳು ಬಗ್ಗಲ್ಲ, ಯಾರು ನುಡಿಸ್ತಾರೆ?"

ಸ್ತಾಮೆಂಕಾ ವಾದ ಬೆಳೆಸಲಿಲ್ಲ. ಅವರ ಮದುವೆಗೆ ಸಾಕ್ಷಿ ನಿಂತಿದ್ದ ವಿದೊಸಾವಾಳಿಗೆ ಫೋನು ಮಾಡಿದಳು. ಮದುವೆಗೆ ಸಾಕ್ಷಿ ನಿಂತವಳು ನಮ್ಮಲ್ಲಿ ಜೀವಮಾನವಿಡೀ ಕೂಮಾ, ಗಂಡಸನ್ನು ಕರೆಯುವುದು ಕೂಮ್ ಎಂದು. ಅಕ್ಕನಿಗಿಂತ ಒಂದು ಕೈ ಮೇಲು. ಈ ಕೂಮಾ ಹಲ್ಲಿನ ಕಟ್ಟು ಎರಕ ಹೊಯ್ಯುವ ಕೆಲಸದಲ್ಲಿದ್ದವಳು, ನಾಣ್ಯ ಸಂಗ್ರಾಹಕರ ಸಂಘದ ಸದಸ್ಯೆ.

ಅವಳು ಬರುವಷ್ಟರಲ್ಲಿ ದೇಸಿಮಿರ್ ಅಡುಗೆ ಸೋಡಾ, ಬ್ರಷ್ಷು ಹಿಡಿದು ಕೂತಿದ್ದ.

"ಬಿಡು ಅದನ್ನ," ಎಂದಳು ವಿದೊಸಾವಾ. "ಅಸಲಿಯಾದರೆ ಉಜ್ಜಿ ಅದರ ಬೆಲೆ ಕಳೀತೀಯ. ನಕಲಿಯಾದರೆ ಸಾಕ್ಷಿ ಕಳೀತೀಯ."

"ನಕಲಿ ಹೇಗಾಗತ್ತೆ? ಅಯಸ್ಕಾಂತ ಹಿಡಿದು ನೋಡಿದೆ. ಅಂಟಲಿಲ್ಲ."

"ಹಿತ್ತಾಳೆಗೂ ಅಂಟಲ್ಲ, ಕೂಮ್. ಅಂಟಿದರೆ ನಕಲಿ ಅಂತ ಗೊತ್ತಾಗತ್ತೆ. ಅಂಟದಿದ್ದರೆ ಏನೂ ಗೊತ್ತಾಗಲ್ಲ." ಅವಳು ಸ್ತಾಮೆಂಕಾಳ ಕಡೆ ತಿರುಗಿದಳು. "ನಿಮ್ಮ ಮನೆ ಚೆಸ್ನಿತ್ಸಾ ನಾಣ್ಯ ತಾ."

ಸ್ತಾಮೆಂಕಾ ತಾಯಿಯಿಂದ ಬಂದ, ಅದೇ ದೊರೆಯ ಮುಖವಿದ್ದ ಒಂದು ದಿನಾರಿನ ನಾಣ್ಯ ತಂದಳು. ವಿದೊಸಾವಾ ಎರಡನ್ನೂ ಕಿಟಕಿಯ ಬೆಳಕಿಗೆ ಅಕ್ಕಪಕ್ಕ ಇಟ್ಟು ಭೂತಗನ್ನಡಿಯನ್ನು ದೇಸಿಮಿರನ ಕೈಗೇ ಕೊಟ್ಟಳು.

"ನಾನು ಹೇಳಲ್ಲ. ನೀನೇ ನೋಡು. ಮೊದಲು ಚಿಕ್ಕದು. ಕಪ್ಪು ಎಲ್ಲಿದೆ?"

"ಅಕ್ಷರದ ಸಂದೀಲಿ. ಕಿವಿ ಹಿಂದೆ."

"ಮೂಗಿನ ಮೇಲೆ?"

"ಇಲ್ಲ. ಮೂಗು ಸವೆದು ಹೊಳೀತಾ ಇದೆ."

"ಸರಿ. ಈಗ ದೊಡ್ಡದು."

ದೇಸಿಮಿರ್ ಬಗ್ಗಿ ನೋಡಿದ. ಮಿಲಾನ್ ದೊರೆಯ ಮೂಗು, ಕೆನ್ನೆ, ಮೀಸೆ, ಎಲ್ಲ ಕಡೆ ಒಂದೇ ಸಮನೆ ಕಪ್ಪು. ಯಾರೋ ಬಟ್ಟೆಯಲ್ಲಿ ಬಳಿದ ಹಾಗಿತ್ತು.

"ನೂರು ವರ್ಷ ಕೈಯಿಂದ ಕೈಗೆ ಹೋದ ನಾಣ್ಯ," ವಿದೊಸಾವಾ ಮೆಲ್ಲಗೆ ಕೇಳಿದಳು, "ಮೂಗಿನ ಮೇಲೆ ಮಸಿ ಹೇಗೆ ಉಳೀತು?"

ದೇಸಿಮಿರ್ ಗಾಜನ್ನು ಇನ್ನೂ ಹತ್ತಿರ ಹಿಡಿದ. "ಇಲ್ಲಿ ಸಣ್ಣ ಸಣ್ಣ ತೂತು ಕಾಣತ್ತೆ. ಸೂಜಿಮೊನೆ ಚುಚ್ಚಿದ ಹಾಗೆ. ಏನಿದು ಕೂಮಾ?"

"ಗಾಳಿ ಗುಳ್ಳೆ. ಲೋಹ ಕರಗಿಸಿ ಅಚ್ಚಿಗೆ ಹೊಯ್ದರೆ ಹೀಗಾಗತ್ತೆ. ನಾನು ಹೊಯ್ದ ಹಲ್ಲುಗಳಲ್ಲಿ ಎಷ್ಟು ಬಂದಿಲ್ಲ. ಟಂಕಸಾಲೇಲಿ ನಾಣ್ಯ ಹೊಯ್ಯಲ್ಲ, ಒತ್ತುತಾರೆ. ಈಗ ಅಂಚು ನೋಡು."

ಅಸಲಿ ಐದು ದಿನಾರಿನ ಅಂಚಿನಲ್ಲಿ ದೇವರು ಸೆರ್ಬಿಯಾವನ್ನು ಕಾಯುತ್ತಾನೆ ಎಂಬ ಬರಹ ಇರುತ್ತದೆ. ಇದರಲ್ಲೂ ಇತ್ತು. ಆದರೆ ಅಕ್ಷರಗಳು ಅರ್ಧ ಕರಗಿದ ಸಾಬೂನಿನಂತಿದ್ದವು. ಅಂಚಿನ ಸುತ್ತ ಅರ ಹಾಕಿ ಉಜ್ಜಿದ ಗೆರೆಯೂ ಕಂಡಿತು.

"ದೇವರೇ ಕರಗಿಹೋಗಿದಾನೆ," ಎಂದಳು ಸ್ತಾಮೆಂಕಾ, ಹಿಟ್ಟು ತೂಗುವ ತಕ್ಕಡಿ ತಂದಿಡುತ್ತಾ. ಇಪ್ಪತ್ತೈದು ಗ್ರಾಂ ಇರಬೇಕಾದದ್ದು ಇಪ್ಪತ್ತೆರಡರ ಹತ್ತಿರ ನಿಂತಿತು.

"ಸವೆದಿರಬಹುದಲ್ಲ?" ದೇಸಿಮಿರನ ದನಿ ಸಣ್ಣಗಾಗಿತ್ತು.

"ಅಷ್ಟು ಸವೆದಿದ್ದರೆ ದೊರೆಗೆ ಮುಖವೇ ಇರ್ತಿರಲಿಲ್ಲ. ಆದರೂ ನನ್ನ ಮಾತೇ ಕೊನೆ ಅಲ್ಲ. ಒಳ್ಳೆ ಬೆಳ್ಳೀಲೇ, ಸರಿಯಾದ ತೂಕದಲ್ಲೇ ಒತ್ತಿದ ನಕಲಿಗಳೂ ಇವೆ. ಅವು ನನ್ನನ್ನೂ ಯಾಮಾರಿಸ್ತವೆ. ಮಾರುವವನನ್ನು ಸಂಘಕ್ಕೆ ಕರಿ. ಎಲ್ಲರೂ ಕೂತು ನೋಡೋಣ. ಅಸಲಿ ಇಟ್ಟುಕೊಂಡವನು ಯಾಕೆ ಬೇಡ ಅಂತಾನೆ?"

ಮುಂದಿನ ಭಾನುವಾರ ದೇಸಿಮಿರ್ ಬರಿಗೈಯಲ್ಲಿ ಬಂದದ್ದು ನೋಡಿ ಮಾರುವವನು ಕೇಳಿದ. "ಅಕಾರ್ಡಿಯನ್ ಎಲ್ಲಿ ಅಣ್ಣಾ?"

"ಮನೇಲಿದೆ ತಮ್ಮಾ. ಮೊದಲು ಸಂಘದವರಿಗೆ ನಾಣ್ಯ ತೋರಿಸೋಣ. ಇಲ್ಲೇ, ರಸ್ತೆ ಆಚೆ."

"ನಮ್ಮಜ್ಜಿ ರೊಟ್ಟಿ ಮೇಲೆ ನಂಬಿಕೆ ಇಲ್ಲವಾ?"

"ರೊಟ್ಟಿ ಮೇಲೆ ಇದೆ. ಮೂಗಿನ ಮೇಲಿಲ್ಲ."

ಆ ಮಾತು ಅವನಿಗೆ ಅರ್ಥವಾಯಿತೋ ಇಲ್ಲವೋ. ನಾಣ್ಯ ಇಸಿದುಕೊಂಡು ಜೇಬಿಗೆ ಹಾಕಿದ, ಬಸ್ಸಿಗೆ ಹೊತ್ತಾಯಿತು ಎಂದು ಗಂಟುಮೂಟೆ ಕಟ್ಟಿದ. ಆ ಹೊತ್ತಿನಲ್ಲಿ ಅಲ್ಲಿಂದ ಯಾವ ಬಸ್ಸೂ ಹೊರಡುವುದಿಲ್ಲ ಎಂಬುದು ದೇಸಿಮಿರನಿಗೆ ಗೊತ್ತಿತ್ತು.

ಸಂಜೆ ಅವನು ಅಕಾರ್ಡಿಯನ್ ಇಳಿಸಿ ಧೂಳು ಒರೆಸಿ ಅರ್ಧ ಹಾಡು ನುಡಿಸಿದ.

"ಎರಡು ಕಡೆ ತಪ್ಪಿದೆ," ಎಂದಳು ಸ್ತಾಮೆಂಕಾ.

"ತಪ್ಪಿದರೂ ಅಸಲಿ," ಎಂದ ಅವನು.

ಹಲಗೆಯ ಗುಳಿ ಇವತ್ತಿಗೂ ಖಾಲಿಯೇ ಇದೆ. ಅದರಿಂದ ಯಾರಿಗೂ ಏನೂ ತೊಂದರೆಯಾಗಿಲ್ಲ.

ಓದುಗರೇ, ನಾಣ್ಯ ಕೊಳ್ಳುವಾಗ ಅದರ ಕಥೆಯನ್ನು ಕೊಳ್ಳಬೇಡಿ. ಎತ್ತರದ ಜಾಗ ಸವೆದಿದೆಯೇ, ಕಪ್ಪು ಸಂದಿಯಲ್ಲಿದೆಯೇ ನೋಡಿ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ತೂಗಿ, ಅಸಲಿಯ ಪಕ್ಕ ಇಟ್ಟು ಹೋಲಿಸಿ. ಉಜ್ಜಬೇಡಿ. ಸಂದೇಹವಿದ್ದರೆ ತಿಳಿದವರಿಗೆ ತೋರಿಸಿ, ತೋರಿಸಲು ಬಿಡದವನಿಂದ ಕೊಳ್ಳಬೇಡಿ.

ಆ ನಾಣ್ಯವನ್ನು ಎರಕ ಹೊಯ್ದವರು ಯಾರೋ ನನಗೆ ತಿಳಿಯದು. ಮಾರುವವನಿಗೆ ಗೊತ್ತಿತ್ತೋ, ಅವನೂ ಯಾರದೋ ರೊಟ್ಟಿಯ ಕಥೆ ನಂಬಿ ಕೊಂಡಿದ್ದನೋ, ಅದೂ ತಿಳಿಯದು. ಈಗ ಅದು ಯಾವ ಊರಿನ ಯಾವ ಮೇಜಿನ ಮೇಲಿದೆ ಎಂಬುದಂತೂ ಗೊತ್ತೇ ಇಲ್ಲ. ನಿಮ್ಮೂರಿನ ಸಂತೆಯಲ್ಲೂ ಇರಬಹುದು. ಮೂಗು ನೋಡಿ.