ಬಿದ್ದವನು ಏಳುವ ಗೆರೆ

ನಮ್ಮ ಧಾರಾವಾಹಿ ಹುಟ್ಟುತ್ತಿದ್ದುದು ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನ ಮೇಲ್ಮಹಡಿಯಲ್ಲಿ. ಕೆಳಗೆ ಮಕ್ಕಳು ಗಣಿತ ಉರು ಹೊಡೆಯುತ್ತಿದ್ದರು, ಮೇಲೆ ನಾವು ಕಣ್ಣೀರಿನ ಲೆಕ್ಕ ಬಿಡಿಸುತ್ತಿದ್ದೆವು. ಕಥಾವಿಭಾಗದ ಮುಖ್ಯಸ್ಥ ಕೈಲಾಸ್ ಬಿಳಿ ಬೋರ್ಡಿನ ಮೇಲೆ ಒಂದು ಗೆರೆ ಎಳೆದಿದ್ದರು. ಅದು ಇಳಿದು, ಏರಿ, ಮತ್ತೆ ಇಳಿದು, ಕೊನೆಗೆ ಮೇಲಕ್ಕೆ ಹೋಗುತ್ತಿತ್ತು. ಪ್ರಪಂಚದ ಕಥೆಗಳೆಲ್ಲ ಇಂಥ ಐದಾರು ಗೆರೆಗಳಲ್ಲಿ ಮುಗಿದುಹೋಗುತ್ತವೆ ಎಂಬುದು ಅವರ ಸಿದ್ಧಾಂತ.

"ಆಕಾರ ಮುಖ್ಯ ಕಣ್ರಮ್ಮಾ, ಮಿಕ್ಕಿದ್ದೆಲ್ಲ ಸುಣ್ಣಬಣ್ಣ" ಎಂಬ ಮಾತು ದಿನಕ್ಕೆ ಮೂರು ಸಲವಾದರೂ ಬರುತ್ತಿತ್ತು, ಕಾಫಿಯ ಹಾಗೆ.

ಸಿದ್ಧಾಂತದಿಂದ ಕೆಲಸವೂ ಹಗುರಾಗಿತ್ತು. ಪ್ರತಿ ಕಂತಿನ ಮೊದಲ ಪುಟದಲ್ಲಿ ಆ ಕಂತಿನ ಪುಟ್ಟ ಗೆರೆ ಬರೆದಿರಬೇಕು. ಕೈಲಾಸ್ ಗೆರೆ ನೋಡಿ, ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡು, ಸಹಿ ಹಾಕುತ್ತಿದ್ದರು. ಒಳಗಿನ ಮಾತುಗಳನ್ನು ಟೈಪ್ ಮಾಡುತ್ತಿದ್ದವನು ನಾನು. ಬರೆದವಳನ್ನು ಬಿಟ್ಟರೆ ಅವನ್ನು ಓದುತ್ತಿದ್ದವನೂ ಬಹುಶಃ ನಾನೊಬ್ಬನೇ.

ಬರೆಯುತ್ತಿದ್ದವಳು ಸಾರಕ್ಕಿಯ ಲತಾಮಣಿ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಅವಳು ತನ್ನ ತಾಯಿ ರುದ್ರಮ್ಮನ ಸಂಗತಿ ಹೇಳಿದಳು. ರುದ್ರಮ್ಮ ಇಪ್ಪತ್ತು ವರ್ಷ ಜಯನಗರದ ಒಂದು ಮನೆಯಲ್ಲಿ ಪಾತ್ರೆ ತೊಳೆದರು. ಅವರ ಕಾಫಿಗೆಂದು ಒಂದು ಲೋಟ ಬೇರೆಯಾಗಿ, ಹೊರಗಿನ ಕಿಟಕಿಯ ಮೇಲಿರುತ್ತಿತ್ತು. ಮಗಳಿಗೆ ಕೆಲಸ ಸಿಕ್ಕ ದಿನ ಆಕೆ ಪಾತ್ರೆ ಅಂಗಡಿಗೆ ಹೋಗಿ ಒಂದು ಡಜನ್ ಸ್ಟೀಲ್ ಲೋಟ ಕೊಂಡು, ಹನ್ನೆರಡಕ್ಕೂ ತಮ್ಮ ಹೆಸರು ಕೊರೆಸಿ, ಅದೇ ಕಿಟಕಿಯ ಮೇಲೆ ಸಾಲಾಗಿ ಇಟ್ಟು ಬಂದರಂತೆ. "ಇನ್ಮೇಲೆ ನಿಮ್ಮನೆಗೆ ಬರೋರೆಲ್ಲ ನನ್ ಲೋಟದಲ್ಲೇ ಕುಡೀಲಿ ಕಣಮ್ಮಾ" ಎಂದರಂತೆ.

ಕೈಲಾಸ್ ಮೊಸರನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. ಮೂರು ತಿಂಗಳಿಗೆ ಹೊಸ ಧಾರಾವಾಹಿ ಶುರುವಾಯಿತು. ಪಾತ್ರೆ ತೊಳೆಯುವ ನಾಯಕಿ, ಹೆಸರು ಕೊರೆದ ಹನ್ನೆರಡು ಲೋಟ, ಪರದೆಯ ಮೇಲೆ 'ಕಥೆ: ಕೈಲಾಸ್'.

"ಸಾರ್, ಅಮ್ಮನ ಹೆಸರು ಹಾಕಿ. ಇನ್ನೇನೂ ಬೇಡ" ಎಂದಳು ಲತಾಮಣಿ.

"ಬಿದ್ದವಳು ಎದ್ಲು. ಇದು ನಿಮ್ಮಮ್ಮಂದೊಂದೇನಾ? ನಮ್ಮಜ್ಜಿದೂ ಅದೇ ಕಥೆ. ಆಕಾರಕ್ಕೆ ಯಾರಮ್ಮ ವಾರಸುದಾರರು?"

"ಲೋಟ?"

"ಲೋಟ ಸುಣ್ಣಬಣ್ಣ."

ಮೆಟ್ಟಿಲಿಳಿಯುವಾಗ ನಾನು ಸಮಾಧಾನ ಹೇಳಿದೆ. "ಬಿಡು ಮಗಾ, ಈ ಫೀಲ್ಡೇ ಹಿಂಗೆ."

"ಬಿಟ್ಟೆ ಗುರು. ಸುಣ್ಣಬಣ್ಣ ತಾನೆ? ಬಳೀತೀನಿ."

ಮುಂದಿನ ವಾರದ ಕಂತುಗಳಲ್ಲಿ ಸೋಮಲಿಂಗಪ್ಪ ಎಂಬ ಖಳನಾಯಕ ಬಂದ. ವೇದಿಕೆ ಸಿಕ್ಕಲ್ಲೆಲ್ಲ ಸಮಾನತೆಯ ಭಾಷಣ ಮಾಡುವವನು. ಹಸಿರು ಗೇಟಿನ ಮನೆ, ಗೇಟಿನ ಪಕ್ಕ ಕರಿಬೇವಿನ ಗಿಡ. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆಯುತ್ತಾನೆ, ಮಾತಿಗೊಮ್ಮೆ "ಆಕಾರ ಮುಖ್ಯ ಕಣ್ರಮ್ಮಾ" ಎನ್ನುತ್ತಾನೆ. ಅವನ ಅಡುಗೆಮನೆಯಲ್ಲಿ ಒಂದು ಲೋಟದ ತಳಕ್ಕೆ ಉಗುರುಬಣ್ಣದ ಕೆಂಪು ಚುಕ್ಕೆ. ಅದು ಕೆಲಸದವಳ ಲೋಟ.

ಟೈಪ್ ಮಾಡುತ್ತಿದ್ದ ನನ್ನ ಬೆರಳು ಅಲ್ಲಿ ನಿಂತಿತು. ಹಿಂದಿನ ಸಂಕ್ರಾಂತಿಗೆ ಕೈಲಾಸ್ ನಮ್ಮನ್ನು ಮನೆಗೆ ಕರೆದಿದ್ದರು. ಹೆಂಡತಿ ಉಮಾಮಹೇಶ್ವರಿ ಎಳ್ಳುಬೆಲ್ಲ ಬೀರಲು ಹೋಗಿದ್ದರಿಂದ ಕಾಫಿ ತಂದವರು ಅವರೇ. ತಟ್ಟೆಯನ್ನು ಒಮ್ಮೆ ತಿರುಗಿಸಿ, "ಇದು ನಿಂಗೆ" ಎಂದು ಲತಾಮಣಿಯ ಮುಂದೆ ಒಂದು ಲೋಟ ಇಟ್ಟಿದ್ದರು. ಅವಳು ಕುಡಿದು ತಳ ಎತ್ತಿದಾಗ ಎದುರಿಗೆ ಕೂತ ನನಗೆ ಚುಕ್ಕೆ ಕಂಡಿತ್ತು. ಕಂಡಿದ್ದನ್ನು ನಾನು ಎಳ್ಳುಬೆಲ್ಲದ ಜೊತೆ ನುಂಗಿಕೊಂಡಿದ್ದೆ. ಅದು ಅವಳಿಗೂ ಕಂಡಿತ್ತೆಂದು ಈಗ ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದೆ. ಆ ಅಭ್ಯಾಸ ಮೊದಲಿನಿಂದಲೂ ಇದ್ದದ್ದೇ.

ಕೈಲಾಸ್ ಗೆರೆ ನೋಡಿದರು. ಇಳಿದು ಏರಿತ್ತು. ಸಹಿ ಹಾಕಿದರು.

ಕಂತು ಪ್ರಸಾರವಾದ ಮರುದಿನ ಬೆಳಿಗ್ಗೆ ಕೈಲಾಸ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಶ್ರೀನಗರದಿಂದ ಅವರ ನಾದಿನಿ ಫೋನ್ ಮಾಡಿ, "ಭಾವ, ನಿಮ್ಮನೆ ಗೇಟು ಟೀವೀಲಿ ಬಂತಲ್ಲ, ಲೋಟಾನೂ ನಿಮ್ದೇನಾ?" ಎಂದು ಕೇಳಿದ್ದರಂತೆ. ಮನೆಗೆಲಸದ ಸರ್ವಮಂಗಳಾ ಬಂದವಳೇ ಲೋಟಗಳನ್ನೆಲ್ಲ ಬೋರಲು ಹಾಕಿ ನೋಡಿ, ಚುಕ್ಕೆಯದನ್ನು ಊಟದ ಮೇಜಿನ ನಡುವೆ ಇಟ್ಟು, ಕೆಲಸ ಬಿಟ್ಟು ಹೋಗಿದ್ದಳು.

"ಇದನ್ನ ಪಾಸ್ ಮಾಡಿದ್ದು ಯಾರು?" ಎಂದರು. ನಾನು ಫೈಲು ತೆರೆದು ತೋರಿಸಿದೆ. ಅಂಥ ಸುಂದರವಾದ ಸಹಿ ನಮ್ಮ ಕಚೇರಿಯಲ್ಲಿ ಇನ್ನೊಬ್ಬರದಿಲ್ಲ.

ಸೋಮಲಿಂಗಪ್ಪನನ್ನು ಕತ್ತರಿಸಿ ಹಾಕೋಣವೆಂದರೆ ಗುರುವಾರ ಟಿಆರ್‌ಪಿ ಬಂತು. ಇಡೀ ವರ್ಷದಲ್ಲಿ ನಮ್ಮ ಯಾವ ಧಾರಾವಾಹಿಗೂ ಅಷ್ಟು ಬಂದಿರಲಿಲ್ಲ. ಚಾನೆಲ್ಲಿನವರು ಫೋನ್ ಮಾಡಿ, "ಸೋಮಲಿಂಗಪ್ಪ ಸಖತ್ ಸಾರ್, ಜನ ಉಗೀತಾ ಇದಾರೆ, ಇನ್ನೂ ಎಳೀರಿ" ಎಂದರು.

ಎರಡು ವಾರ ಕಳೆಯಿತು. ಒಂದು ಸಂಜೆ ಕೈಲಾಸ್ ಲತಾಮಣಿಯ ಮೇಜಿನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅವರು ಅಲ್ಲಿ ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಉಮಾ ನಂಗೆ ಆ ಲೋಟದಲ್ಲೇ ಕಾಫಿ ಕೊಡ್ತಾಳಮ್ಮ, ದಿನಾ. ಸೋಮಲಿಂಗಪ್ಪ ಪಶ್ಚಾತ್ತಾಪ ಪಡೋ ಥರ ಒಂದು ಸೀನ್ ಬರಿ. ಅವನು ತಪ್ಪು ಒಪ್ಕೊಳ್ಳೋವರೆಗೂ ಲೋಟ ಬದಲಾಗಲ್ಲ ಅಂತಾಳೆ."

"ನೀವೇ ಒಪ್ಕೊಂಡ್ರೆ?"

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. "ಬಿದ್ದವನು ಏಳ್ಬೇಕು. ಅದು ಆಕಾರ."

"ಮೊದಲು ಅಮ್ಮನ ಹೆಸರು."

ಸೋಮವಾರದಿಂದ ಪರದೆಯ ಮೇಲೆ 'ಕಥೆ: ಸಾರಕ್ಕಿಯ ರುದ್ರಮ್ಮ' ಎಂದು ಬರತೊಡಗಿತು. ಎರಡೇ ಸೆಕೆಂಡು. ರುದ್ರಮ್ಮ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಿತಂತೆ. ಮರುದಿನ ಮೊದಲೇ ಹಾಕಿಕೊಂಡು ಕೂತರಂತೆ.

"ಹೆಸರು ಬಂತಲ್ಲ. ಇನ್ನವನನ್ನ ಎಬ್ಬಿಸು" ಎಂದರು ಕೈಲಾಸ್.

"ಏಳ್ತಾನೆ ಸಾರ್. ಬಿದ್ದೋನು ಏಳ್ಲೇಬೇಕು, ಬೋರ್ಡ್ ಮೇಲೇ ಇದೆಯಲ್ಲ" ಎಂದಳು ಲತಾಮಣಿ. "ಎಷ್ಟು ಕಂತು ಬಿದ್ದಿರ್ಬೇಕು ಅಂತ ಮಾತ್ರ ನೀವು ಬರ್ದಿಲ್ಲ."

ಈಗ ನೂರಾ ನಲವತ್ತನೇ ಕಂತು ನಡೆಯುತ್ತಿದೆ. ಸೋಮಲಿಂಗಪ್ಪ ಇನ್ನೂ ಬೀಳುತ್ತಿದ್ದಾನೆ. ಕೈಲಾಸ್ ಈಗ ಗೆರೆ ನೋಡುವುದಿಲ್ಲ; ಪ್ರತಿ ಪುಟ, ಪ್ರತಿ ಮಾತು, ತುಟಿ ಅಲುಗಿಸುತ್ತ ಓದುತ್ತಾರೆ. ಕಿವಿ ಕೆರೆಯಲು ಮುಚ್ಚಳ ಎತ್ತಿ, ನಮ್ಮತ್ತ ನೋಡಿ, ಇಳಿಸುತ್ತಾರೆ. ಆಮೇಲೆ ಸಹಿ ಹಾಕುತ್ತಾರೆ.