ಸಿಂಹದ ಬಲದವಡೆ

ಸುಳ್ಳು ಹೇಳುವುದಕ್ಕೆಂದೇ ಸುನಿತಾ ಸೊರಬದಲ್ಲಿ ಬಸ್ಸು ಹತ್ತಿ ಶಿರಾಳಕೊಪ್ಪಕ್ಕೆ ಬಂದಿದ್ದಳು. ದೊಡ್ಡ ಸುಳ್ಳೇನಲ್ಲ, ಒಂದೇ ವಾಕ್ಯ.

"ತಾಳಗುಂದದಾಗೆ ನಮ್ ಮಾವನ ಹೊಲ ಹೊಡಿಯುವಾಗ ಸಿಕ್ತು ಅನ್ನು, ಸಾಕು. ಮುಂದಿಂದು ನಾ ನೋಡ್ಕಂತೀನಿ," ಎಂದಿದ್ದ ಸುರೇಂದ್ರ. ಹಳೆಯ ಸಾಮಾನು ಮಾರುವ ಅಂಗಡಿ ಅವನದು.

ಮೇಜಿನ ಮೇಲೆ, ಕೆಂಪು ಬಟ್ಟೆಯಲ್ಲಿ ಕಂಚಿನ ಕೊಂಡಿ ಕೂತಿತ್ತು. ನಡುಪಟ್ಟಿಯ ಎರಡು ತುದಿಗಳನ್ನು ಕಚ್ಚಿ ಹಿಡಿಯುವ ಸಿಂಹದ ಮುಖ. ಹೋದ ತಿಂಗಳು ಅಪ್ಪನ ಕುಲುಮೆಯಲ್ಲಿ ಅದನ್ನು ಎರಕ ಹೊಯ್ದವಳು ಸುನಿತಾಳೇ. ಅವಳೂರಿನ ರೈಸ್‌ಮಿಲ್ಲಿನ ಹಿಂದೆ ಒಂದು ವೀರಗಲ್ಲಿದೆ. ಅದರಲ್ಲಿ ಸಾಯುತ್ತಿರುವವನ ನಡುವಿನಲ್ಲಿ ಇಂಥದೇ ಕೊಂಡಿ. ಕಲ್ಲಿಗೆ ಕಾಗದ ಒತ್ತಿ, ಇದ್ದಿಲು ಉಜ್ಜಿ ಆಕಾರ ತೆಗೆದಿದ್ದಳು; ಮೇಣದಲ್ಲಿ ತಿದ್ದಿ, ಮಣ್ಣು ಮೆತ್ತಿ, ಮನೆಯ ಒಡೆದ ಕಂಚಿನ ಬಟ್ಟಲುಗಳನ್ನು ಕರಗಿಸಿ ಹೊಯ್ದಿದ್ದಳು. ಕಲ್ಲಿನ ಮೇಲೆ ಸಿಂಹದ ಬಲದವಡೆ ಸವೆದುಹೋಗಿತ್ತು. ಆ ಒಂದು ದವಡೆಯನ್ನು ಅವಳೇ ಊಹಿಸಬೇಕಾಯಿತು. ನಾಲ್ಕು ಸಲ ಮಾಡಿ ನಾಲ್ಕು ಸಲವೂ ಅಳಿಸಿದ್ದಳು.

ಆಮೇಲೆ ಸುರೇಂದ್ರನ ಮಾತು ಕೇಳಿ ಉಪ್ಪು ಸವರಿ ತಿಪ್ಪೆಯಲ್ಲಿ ಹೂತಳು. ಹದಿನೈದು ದಿನಕ್ಕೆ ಹಸಿರು ಕಿಲುಬು ಹಿಡಿಯಿತು. ಅದಕ್ಕೆ ಮೊದಲು, ತಾನು ಮಾಡಿದ ಬೇರೆ ಎರಕದ ಸಾಮಾನುಗಳನ್ನು ಹೊಸವೆಂದೇ ಹೇಳಿ ಎರಡು ವರ್ಷ ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗಿದಾಗ ಒಬ್ಬರೂ ಅವಳ ಕೆಲಸವನ್ನು ಕೈಗೆತ್ತಿಕೊಂಡು ನೋಡಿರಲಿಲ್ಲ.

ಈಗ ನೋಡುತ್ತಿದ್ದರು. ಶಿವಮೊಗ್ಗದಿಂದ ಬಂದ ಶ್ರೀಲತಾ ಮೇಡಂ ಹಳೆಯ ಒಡವೆಗಳನ್ನು ಸಂಗ್ರಹಿಸುವವರು. ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಬಳ್ಳಿಗಾವಿ ಮೆರೀತಿದ್ದ ಕಾಲದ್ದು. ಹನ್ನೆರಡನೇ ಶತಮಾನ, ಅನುಮಾನವೇ ಇಲ್ಲ."

"ನಾ ಹೇಳಿಲ್ರೀ ಮೇಡಂ?" ಎಂದ ಸುರೇಂದ್ರ. "ಇವರ ಮಾವನ ಹೊಲದಾಗೇ ಸಿಕ್ಕಿದ್ದು. ಹೇಳವ್ವ."

ಸುನಿತಾ ಬಾಯಿ ತೆರೆದಳು. ಅಷ್ಟರಲ್ಲಿ ಮೇಡಂ ಬೆರಳು ಸಿಂಹದ ಬಲಗೆನ್ನೆಯ ಮೇಲೆ ನಿಂತಿತು.

"ಈ ದವಡೆ ನೋಡಿ. ಪಟ್ಟಿ ಜಗ್ಗಿದಷ್ಟೂ ಹಲ್ಲು ಬಿಗಿಯಾಗೋ ಹಾಗೆ ಕೂರಿಸಿದ್ದಾನೆ. ಈಗಿನವರ ಕೈಲಿ ಇಂಥದು ಆಗುತ್ತಾ? ಆ ಕೈಗಳೇ ಹೋದವು ಬಿಡಿ."

ಸುನಿತಾ ತನ್ನ ಕೈಗಳನ್ನು ನೋಡಿಕೊಂಡಳು. ಬಿಸಿ ಮೇಣ ಸುಟ್ಟ ಕಲೆಗಳಿದ್ದವು.

"ಹೋಗಿಲ್ಲ," ಎಂದಳು.

"ಏನಮ್ಮ?"

"ಆ ದವಡೆ ನಂದು. ಪೂರ್ತಿ ನಂದೇ. ಹೊಲದಲ್ಲಿ ಏನೂ ಸಿಕ್ಕಿಲ್ಲ."

ಸುರೇಂದ್ರ ನಕ್ಕುಬಿಟ್ಟ. "ಬಿಸಿಲಾಗ ಬಂದಾಳಲ್ರೀ, ತಲಿ ತಿರುಗೇತಿ. ಏ, ಒಂದು ಸೋಡಾ ಕುಡಿ ನಡಿ."

"ಸೋಡಾ ಬೇಡ. ಹುಣಸೆಹಣ್ಣು ತರ್ತೀನಿ, ತಾಳಿ."

ಪಕ್ಕದ ಕಿರಾಣಿ ಅಂಗಡಿಯಿಂದ ಒಂದು ಉಂಡೆ ತಂದಳು. ಕೊಂಡಿಯನ್ನು ಎತ್ತಿಕೊಂಡು, ಸುರೇಂದ್ರನ ನೀರಿನ ಬಾಟಲಿಯಿಂದಲೇ ನೆನೆಸಿ ಉಜ್ಜತೊಡಗಿದಳು.

"ಅಯ್ಯೋ, ಹಾಳುಮಾಡ್ತಿದ್ದಾಳೆ! ಹಿಡೀರಿ ಅವಳನ್ನ!" ಎಂದು ಮೇಡಂ ಎದ್ದು ನಿಂತರು.

"ನೂರಾರು ವರ್ಷದ ಕಿಲುಬಾಗಿದ್ರೆ ಇಷ್ಟು ಬೇಗ ಬಿಡ್ತದಾ? ನೀವೇ ಹೇಳಿ, ಓದಿದೋರು."

ಹಸಿರು ನೀರು ಕೆಂಪು ಬಟ್ಟೆಯ ಮೇಲೆ ಹರಿಯಿತು. ಮೊದಲು ಮೂಗು, ಆಮೇಲೆ ಹಲ್ಲುಗಳು. ಸಿಂಹ ಹೊಸ ಕಂಚಾಗಿ ಹೊಳೆಯತೊಡಗಿತು. ಅದನ್ನು ಸೆರಗಿನಿಂದ ಒರೆಸಿ ಅವರ ಮುಂದಿಟ್ಟಳು.

ಮೇಡಂ ಮುಟ್ಟಲಿಲ್ಲ. "ನಕಲು," ಎಂದರು.

"ಈಗ ಹೊಗಳಿದ್ರಲ್ಲ, ಅದೇ ದವಡೆ ಇದು. ಏನು ಕಮ್ಮಿ ಆಯ್ತು ಅದಕ್ಕೆ?"

ಅವರು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರನಡೆದರು. ಕಾರಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಇನ್ನು ಈ ಪೇಟೆಯಾಗ ನಿನ್ನ ಕೆಲಸ ಯಾರೂ ಮೂಸಂಗಿಲ್ಲ, ಹಂಗ ಮಾಡ್ತೀನಿ," ಎಂದ ಸುರೇಂದ್ರ.

"ಮೊದಲೂ ಮೂಸ್ತಿರಲಿಲ್ಲ." ಅವನ ಗೋಡೆಯಲ್ಲಿ ನೇತಾಡುತ್ತಿದ್ದ ಚರ್ಮದ ಪಟ್ಟಿಯೊಂದನ್ನು ಬೆರಳಲ್ಲಿ ತೋರಿಸಿದಳು. "ಅದೆಷ್ಟು?"

ಅವನು ಹೇಳಿದಷ್ಟು ದುಡ್ಡಿಟ್ಟು, ಪಟ್ಟಿಯ ತುದಿಗಳನ್ನು ಸಿಂಹದ ಬಾಯಿಗೆ ತೂರಿಸಿ, ಸೀರೆಯ ಮೇಲೆಯೇ ನಡುವಿಗೆ ಬಿಗಿದುಕೊಂಡಳು. ಜಗ್ಗಿ ನೋಡಿದಳು. ಹಲ್ಲು ಕಚ್ಚಿಕೊಂಡವು.

"ಲೇ, ಆ ಕೊಂಡಿ ನನ್ನ ಅಂಗಡಿ ಮಾಲು!"

"ನಿಮ್ಮ ಮಾಲು ಹನ್ನೆರಡನೇ ಶತಮಾನದ್ದು, ಹುಡುಕ್ಕೊಳ್ಳಿ. ಇದು ಹೋದ ತಿಂಗಳದ್ದು."